ಗಾಲಿಯ ಖರ್ಚು

“ಅಮ್ಮಾ, ಲೆಕ್ಕ ಸರಿಯಾಗಿದ್ದರೂ ಅನ್ಯಾಯ ಆಗಬಹುದೇ?” ಎಂದು ಶಿಷ್ಯೆ ಕೇಳಿದಳು.

ಗುರುಮಾತೆ ಅವಳ ಕಡೆ ತಿರುಗಿದರು. “ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ ಇದೆಯಲ್ಲ, ಸಿಮು... ಸಿಮ್ಲೇ... ಏನದು?”

“ಸಿಮ್ಯುಲೇಟರ್, ಅಮ್ಮಾ.”

“ಅದೇ. ಅದನ್ನು ಆಡುವ ಒಬ್ಬ ವರ್ತಕನಿದ್ದ” ಎಂದು ಅವರು ಹೇಳತೊಡಗಿದರು.

ವರ್ತಕನಿಗೆ ಬಟ್ಟೆ ಅಂಗಡಿಯಿತ್ತು. ಮಧ್ಯಾಹ್ನ ಅಂಗಡಿ ಮುಚ್ಚುವ ಎರಡು ಗಂಟೆ ಅವನು ಆಟಕ್ಕೆ ಕೂರುತ್ತಿದ್ದ. ಬೇರೆ ಬೇರೆ ಊರುಗಳ ಹತ್ತು ಮಂದಿಯನ್ನು ಸೇರಿಸಿ ಬೆಳ್ಳಕ್ಕಿ ಏರ್‌ವೇಸ್ ಎಂದು ಹೆಸರಿಟ್ಟ. ಅವರವರು ಅವರವರ ಮನೆಯಲ್ಲಿ ಕೂತು ಹಾರಿಸುತ್ತಿದ್ದರು. ವಿಮಾನವೂ ಇಲ್ಲ, ಪ್ರಯಾಣಿಕರೂ ಇಲ್ಲ. ಆದರೂ ಎಲ್ಲವೂ ನಿಜದಂತೆಯೇ ನಡೆಯಬೇಕೆಂಬುದು ವರ್ತಕನ ಹಟ. ಇಂಧನಕ್ಕೆ ಆಯಾ ದಿನದ ಬೆಲೆ ಹಿಡಿದ. ಕಂಪ್ಯೂಟರ್ ಲೆಕ್ಕದಲ್ಲಿ ಖಾಲಿ ಹೋದ ಸೀಟನ್ನು ನಷ್ಟಕ್ಕೆ ಬರೆದ. ವಿಮಾನ ನೆಲಕ್ಕೆ ಎಷ್ಟು ಜೋರಾಗಿ ತಗುಲಿತು ಎಂಬುದಕ್ಕೂ ಕಂಪ್ಯೂಟರ್ ಒಂದು ಅಂಕೆ ಕೊಡುತ್ತಿತ್ತು. ಅದನ್ನೂ ವರ್ತಕ ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಅಂಕೆ ಹೆಚ್ಚಾದರೆ ಗಾಲಿಯ ರಿಪೇರಿ ಖರ್ಚು ಬೀಳುತ್ತಿತ್ತು.

ಆ ಹತ್ತು ಮಂದಿಯಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಮೊದಲ ದಿನದಿಂದ ಜೊತೆಗಿದ್ದವನು ಅವನೇ. ಇಬ್ಬರೂ ಮುಖ ನೋಡಿದವರಲ್ಲ. ದಿನವೂ ದನಿ ಕೇಳಿದವರು. ಮೂರು ವರ್ಷ ಅವನು ವಿಮಾನ ಇಳಿಸಿದರೆ ಹತ್ತಿ ಇಟ್ಟ ಹಾಗಿರುತ್ತಿತ್ತು. ಆಮೇಲೆ ಅಂಕೆ ಏರತೊಡಗಿತು. ನೂರ ಐವತ್ತು ಇದ್ದದ್ದು ಮುನ್ನೂರಾಯಿತು, ಐನೂರಾಯಿತು.

“ಏನ್ರೀ, ವಿಮಾನ ಇಳಿಸಿದ್ರೋ ತೆಂಗಿನಕಾಯಿ ಒಡೆದ್ರೋ?” ಎಂದು ವರ್ತಕ ಕೇಳಿದ.

“ಪ್ರಯಾಣಿಕರು ಯಾರೂ ದೂರು ಕೊಟ್ಟಿಲ್ಲವಲ್ಲ, ಯಜಮಾನ್ರೇ” ಎಂದು ಅವನು ನಕ್ಕ.

“ಕೊಟ್ಟಿದ್ದಾರೆ. ಈ ವಾರ ನಿಮ್ಮ ವಿಮಾನಕ್ಕೆ ಹನ್ನೆರಡು ಟಿಕೆಟ್ ಕಡಿಮೆ.”

ಇನ್ನೊಂದು ವರ್ಷ ಹೀಗೇ ನಡೆಯಿತು. ಗಾಲಿಯ ಖರ್ಚು ಬೆಳೆಯುತ್ತಲೇ ಹೋಯಿತು. ಆಟದಲ್ಲಿ ಕಂಪನಿ ಬಾಡಿಗೆಗೆ ಪಡೆದ ವಿಮಾನವೊಂದನ್ನು ವಾಪಸು ಕೊಡಬೇಕಾಯಿತು. ನಿಯಮ ಎಲ್ಲರಿಗೂ ಒಂದೇ ಎಂದು ವರ್ತಕ ಗೆಳೆಯನ ಹೆಸರನ್ನು ಪಟ್ಟಿಯಿಂದ ತೆಗೆದ. ಕಾರಣ ತಿಳಿಸಿ ಒಂದು ಪತ್ರ ಕಳಿಸಿದ. ಅದರ ಕೆಳಗೆ ಎಲ್ಲ ಅಂಕೆಗಳೂ ಇದ್ದವು. “ನ್ಯಾಯವಾಗಿದೆ ಯಜಮಾನ್ರೇ, ಗಾಲಿಗಳನ್ನು ನೋಡಿಕೊಳ್ಳಿ” ಎಂದು ಉತ್ತರ ಬಂತು. ಮರುದಿನದಿಂದ ಆ ದನಿ ಕೇಳಲಿಲ್ಲ.

ಮರುವರ್ಷ ವರ್ತಕ ಮಾಲು ತರಲು ಆ ಊರಿಗೆ ಹೋದ. ವಿಳಾಸ ಹುಡುಕಿಕೊಂಡು ಅಂಗಡಿಗೆ ಬಂದ. ಗೆಳೆಯನ ಹೆಂಡತಿ ಗಡಿಯಾರದ ಬೆಲ್ಟು, ಸೆಲ್ಲು ಮಾರುತ್ತಿದ್ದಳು. ರಿಪೇರಿಯ ಮೇಜು ಖಾಲಿಯಿತ್ತು. ಒಳಗಿನಿಂದ ಗೆಳೆಯ ಬಂದು ಕೈ ಮುಗಿದ. ಮುಗಿದ ಕೈಗಳು ನಿಲ್ಲದೆ ನಡುಗುತ್ತಿದ್ದವು.

“ಯಾವಾಗ ಶುರುವಾಯ್ತು ಅಂತ ಡಾಕ್ಟರು ಕೇಳಿದರು” ಎಂದಳು ಹೆಂಡತಿ. “ಯಾರಿಗೆ ಗೊತ್ತು? ಇವರು ಬಾಯಿ ಬಿಟ್ಟವರೇ ಅಲ್ಲ. ಮೊದಲೇ ಬಂದಿದ್ದರೆ ಇನ್ನೊಂದಿಷ್ಟು ವರ್ಷ ಕೆಲಸ ಮಾಡಬಹುದಿತ್ತಂತೆ.”

“ನನಗೂ ಗೊತ್ತಾಗಲಿಲ್ಲ ಕಣೇ, ವಯಸ್ಸಾಯ್ತು ಅಂದುಕೊಂಡೆ” ಎಂದ ಗೆಳೆಯ. ಬಳಿಕ ವರ್ತಕನ ಕಡೆ ತಿರುಗಿದ. “ನಿಮ್ಮ ಕಂಪನಿಯಲ್ಲಿ ಕೈ ತಪ್ಪಿದರೆ ಯಾರ ಗಡಿಯಾರವೂ ಹಾಳಾಗುತ್ತಿರಲಿಲ್ಲ. ಅದಕ್ಕೇ ದಿನಾ ಬರುತ್ತಿದ್ದೆ.”

ಕೊಟ್ಟ ಕಾಫಿಯನ್ನು ಕುಡಿಯದೆ ವರ್ತಕ ಎದ್ದ. ಮನೆಗೆ ಬಂದು ಪುಸ್ತಕ ತೆಗೆದ. ಅಂಕೆ ಮೊದಲ ಸಲ ಏರಿದ ದಿನ ಅಲ್ಲಿತ್ತು: ಮಾರ್ಚ್ ಹನ್ನೊಂದು, ಬುಧವಾರ. ಅಲ್ಲಿಂದ ಮುಂದೆ ಇಪ್ಪತ್ತೆರಡು ತಿಂಗಳು, ಒಂದು ಹಾರಾಟವೂ ಬಿಟ್ಟುಹೋಗಿರಲಿಲ್ಲ. ಡಾಕ್ಟರು ಕೇಳಿದ್ದಕ್ಕೆ ಉತ್ತರ ಅವನ ಅಕ್ಷರದಲ್ಲೇ ಇತ್ತು. ಅವನು ಪುಸ್ತಕ ಮುಚ್ಚಿದ. ಕಂಪನಿಯನ್ನೂ ಮುಚ್ಚಿದ. ಅದರಿಂದ ಯಾರಿಗೂ ಏನೂ ಪ್ರಯೋಜನ ಆಗಲಿಲ್ಲ.

ಗುರುಮಾತೆ ಕತೆ ನಿಲ್ಲಿಸಿದರು.

“ಹಾಗಾದರೆ ಅವನ ಲೆಕ್ಕ ಎಲ್ಲಿ ತಪ್ಪಿತು, ಅಮ್ಮಾ?” ಎಂದು ಶಿಷ್ಯೆ ಕೇಳಿದಳು.

“ಲೆಕ್ಕ ತಪ್ಪಲಿಲ್ಲ ಮಗಳೇ, ಅಷ್ಟು ದಿನ ಅವನು ಬರೆದದ್ದು ಗೆಳೆಯನ ಕೈಯ ಲೆಕ್ಕ. ಅದನ್ನು ಅವನು ಗಾಲಿಯದು ಅಂದುಕೊಂಡ.”