ಬಿಳಿ ಬಟ್ಟೆಯ ಗಿರಾಕಿ

ಮಠದ ಬಾಗಿಲಲ್ಲಿ ನಿಂತು ಬಂದವರನ್ನು ಒಳಗೆ ಕರೆಯುವುದು ಶಿಷ್ಯ ಮರುಳಯ್ಯನ ಕೆಲಸ. ಒಂದು ಸಂಜೆ ಅವನು ಗುರುಗಳ ಮುಂದೆ ಕೂತು ಕೇಳಿದ:

"ಬುದ್ಧಿ, ಬಂದವರಿಗೆಲ್ಲ ನಕ್ಕು 'ಬನ್ನಿ, ಊಟ ಮಾಡಿ' ಎನ್ನುತ್ತೇನೆ. ಎಷ್ಟೋ ಸಲ ಒಳಗೆ ಬೇಸರವಿರುತ್ತದೆ. ಹಾಗಾದರೆ ನನ್ನ ನಗು ಸುಳ್ಳಲ್ಲವೇ? ಇವತ್ತು ಮನಸ್ಸಿದ್ದ ಹಾಗೆಯೇ ಇರೋಣವೆಂದು ಮುಖ ಬಿಗಿದು ಸುಮ್ಮನೆ ನಿಂತೆ. ಮಧ್ಯಾಹ್ನ ಒಬ್ಬ ಅಜ್ಜಿ ಬಂದಳು. ನನ್ನ ಮುಖ ನೋಡಿ ಅವಳೇ ನಕ್ಕು, 'ಊಟ ಆಯ್ತೇನಪ್ಪಾ' ಎಂದು ಕೇಳಿ, ತನ್ನ ದಾರಿ ಹಿಡಿದು ಹೋದಳು. ಏನೂ ಕೆಡಲಿಲ್ಲ. ಇನ್ನು ಮೇಲೆ ಹೀಗೇ ಇರಬಹುದಲ್ಲವೇ?"

ಗುರುಗಳು ಹೇಳಿದರು:

ಒಂದು ಪೇಟೆಯಲ್ಲಿ ಒಬ್ಬ ಜವಳಿ ವ್ಯಾಪಾರಿಯಿದ್ದ. ಜವಳಿ ಅಂಗಡಿಗೆ ಮದುವೆಯವರೂ ಬರುತ್ತಾರೆ, ಸಾವಿನ ಮನೆಯವರೂ ಬರುತ್ತಾರೆ. ಇಬ್ಬರನ್ನೂ ನಡೆಸಿಕೊಳ್ಳುವುದು ಅವನಿಗೆ ಗೊತ್ತಿತ್ತು. ಮದುವೆಯವರು ಬಂದರೆ ಹಾಸಿನ ಮೇಲೆ ಕೂರಿಸಿ, ಎಲೆ ಅಡಿಕೆ ಕೊಟ್ಟು, "ಹುಡುಗಿಗೆ ಒಪ್ಪುವ ಸೀರೆ ಸಿಕ್ಕಿತು. ಸೀರೆಗೆ ಒಪ್ಪುವ ಹುಡುಗ ಸಿಕ್ಕಿದ್ದಾನೋ ಇಲ್ಲವೋ ನೀವೇ ನೋಡಿಕೊಳ್ಳಿ" ಎಂದು ನಗಿಸುತ್ತಿದ್ದ. ಚೌಕಾಸಿಗೆ ಚೌಕಾಸಿ ಮಾಡುತ್ತಿದ್ದ. ಹೊರಟಾಗ "ಹೋಗಿ ಬನ್ನಿ" ಎನ್ನುತ್ತಿದ್ದ. ಹೆಣಕ್ಕೆ ಹೊದಿಸುವ ಬಿಳಿ ಬಟ್ಟೆ ಕೇಳಿ ಬಂದವರಿಗೆ ಹಾಗಲ್ಲ. ಎದ್ದು ನಿಲ್ಲುತ್ತಿದ್ದ. ದನಿ ಇಳಿಸಿ "ಯಾರು?" ಎಂದು ಒಂದೇ ಮಾತು ಕೇಳುತ್ತಿದ್ದ. ಕೊನೆಯ ದರವನ್ನೇ ಮೊದಲು ಹೇಳುತ್ತಿದ್ದ. ಹೊರಟಾಗ "ಹೋಗಿ ಬನ್ನಿ" ಎನ್ನುತ್ತಿರಲಿಲ್ಲ. ಆ ಬಟ್ಟೆಗೆ ಮತ್ತೆ ಬನ್ನಿ ಎಂದು ಯಾರನ್ನೂ ಕರೆಯಬಾರದು.

ಪಕ್ಕದ ದಿನಸಿ ವ್ಯಾಪಾರಿ ಇದನ್ನೆಲ್ಲ ನೋಡುತ್ತಿದ್ದ. ಒಂದು ದಿನ, "ನೀನು ಬಟ್ಟೆಯ ಜೊತೆ ಮುಖವನ್ನೂ ಮೊಳ ಹಾಕಿ ಹರಿದು ಕೊಡುತ್ತೀಯಲ್ಲ ಮಾರಾಯ, ಮನೆಗೆ ಒಯ್ಯಲು ನಿನ್ನದು ಅಂತ ಒಂದು ತುಂಡಾದರೂ ಉಳಿಯುತ್ತದೆಯೋ?" ಎಂದ.

ಮಾತು ನಾಟಿತು. ಇನ್ನು ಒಳಗಿದ್ದದ್ದೇ ಹೊರಗೆ ಎಂದು ವ್ಯಾಪಾರಿ ನಿಶ್ಚಯಿಸಿದ.

ಮರುದಿನ ಬೆಳಿಗ್ಗೆ ಮಗಳಿಗೆ ಗಂಡುಮಗು ಹುಟ್ಟಿದ ಸುದ್ದಿ ಬಂತು. ಹರಕೆ ಹೊತ್ತು ಪಡೆದ ಮಗು. ವ್ಯಾಪಾರಿ ತಟ್ಟೆ ತುಂಬ ಕಲ್ಲುಸಕ್ಕರೆ ಇಟ್ಟುಕೊಂಡು ಕೂತ. ಆಗ ಒಬ್ಬ ನೇಕಾರ ಬಂದ. ಅಂಗಡಿಯ ಒಳ್ಳೆಯ ಸೀರೆಗಳೆಲ್ಲ ಅವನ ಮನೆಯ ಮಗ್ಗದವು. ಆ ಸೀರೆಗಾಗಿಯೇ ದೂರದವರು ಅಂಗಡಿ ಹುಡುಕಿಕೊಂಡು ಬರುತ್ತಿದ್ದರು. ಅವತ್ತು ಅವನ ಕೈಯಲ್ಲಿ ಸೀರೆಯಿರಲಿಲ್ಲ. ಬಿಳಿ ಬಟ್ಟೆ ಕೇಳಿದ.

"ಯಾರು?"

"ತಮ್ಮ."

ಆ ತಮ್ಮನನ್ನು ವ್ಯಾಪಾರಿ ಬಲ್ಲ. ಅಯ್ಯೋ ಅನ್ನಿಸಿತು. ಆದರೆ ಸಂತೋಷ ಅದಕ್ಕಿಂತ ದೊಡ್ಡದಿತ್ತು. ಮುಖ ಇಳಿಸಲು ಹೋದವನು, ಇದೇ ಅಲ್ಲವೇ ಸುಳ್ಳು ಎಂದು ನೆನೆದು, ಇಳಿಸಲಿಲ್ಲ. ಕೂತಲ್ಲಿಂದಲೇ ಬಟ್ಟೆ ಹರಿದು ಕೊಟ್ಟ. ನಗುತ್ತಲೇ ಸಕ್ಕರೆಯ ತಟ್ಟೆ ಚಾಚಿದ. "ನನಗೆ ಮೊಮ್ಮಗ ಹುಟ್ಟಿದ ಕಣಯ್ಯ" ಎಂದ.

ನೇಕಾರ ಕೈಯಲ್ಲಿದ್ದ ಬಿಳಿ ಬಟ್ಟೆಯನ್ನು ಮಡಿಸಿದ. ಆಮೇಲೆ ಅವನೂ ನಕ್ಕ. "ಒಳ್ಳೇದಾಯ್ತು ಸಾವ್ಕಾರ್ರೇ. ಕೂಸು ನೂರು ಕಾಲ ಬಾಳಲಿ. ಯಾರ ಹೋಲಿಕೆ, ಅಜ್ಜನದೇನು?" ಎಂದ. ಸಕ್ಕರೆಯನ್ನು ಟವೆಲ್ಲಿನ ತುದಿಗೆ ಗಂಟು ಹಾಕಿಕೊಂಡ. ಬಿಳಿ ಬಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದ. ವ್ಯಾಪಾರಿ ಖುಷಿಯಲ್ಲಿ "ಹೋಗಿ ಬಾ" ಎಂದೂ ಅಂದುಬಿಟ್ಟ.

ಎಂಥ ದೊಡ್ಡ ಮನುಷ್ಯ, ಏನೂ ತಪ್ಪು ತಿಳಿಯಲಿಲ್ಲ ಎಂದುಕೊಂಡ.

ಆಮೇಲೆ ಎಷ್ಟು ದಿನ ಕಾದರೂ ನೇಕಾರ ಬರಲಿಲ್ಲ. ಅವನ ಸೀರೆಗಳು ಎದುರು ಅಂಗಡಿಯಲ್ಲಿ ತೂಗಿದವು. ಗಿರಾಕಿಗಳು ಸೀರೆಯ ಹಿಂದೆಯೇ ಬೀದಿ ದಾಟಿದರು. ತನ್ನ ಹಾಸಿನ ಮೇಲೆ ಕೂರುವವರು ಕಡಿಮೆಯಾದ ಮೇಲೆ ವ್ಯಾಪಾರಿ ನೇಕಾರನ ಮನೆಗೆ ಹೋದ. ಅಲ್ಲಿ ಎರಡು ಮಗ್ಗಗಳಿದ್ದವು. ಒಂದು ಸುಮ್ಮನಿತ್ತು.

"ಅವರು ಹೆಚ್ಚು ಕೊಟ್ಟರೇನಯ್ಯ? ಹೇಳು, ನಾನೂ ಕೊಡುತ್ತೇನೆ."

ನೇಕಾರ ಲಾಳಿ ನಿಲ್ಲಿಸಿದ. "ದರದ ಮಾತಲ್ಲ ಸಾವ್ಕಾರ್ರೇ. ಅವರು ಕೊಡೋದು ನಿಮಗಿಂತ ಕಡಿಮೆಯೇ. ತಮ್ಮನ ಹೆಣ ಮನೆಯಲ್ಲಿತ್ತು. ಅವತ್ತು ನಿಮ್ಮ ಅಂಗಡಿಯಲ್ಲಿ ನಾನು ನಗಬೇಕಾಯಿತು."

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಮರುಳಯ್ಯ ಸ್ವಲ್ಪ ಯೋಚಿಸಿ, "ಹಾಗೆ ನೋಡಿದರೆ ನೇಕಾರ ನಕ್ಕದ್ದೂ ಸುಳ್ಳೇ ಅಲ್ಲವೇ ಬುದ್ಧಿ?" ಎಂದ.

ಗುರುಗಳು ಕೇಳಿದರು: "ಮಧ್ಯಾಹ್ನ ಬಾಗಿಲಲ್ಲಿ ನಿನ್ನ ಊಟ ವಿಚಾರಿಸಿ ಹೋದಳಲ್ಲ ಆ ಅಜ್ಜಿ, ಅವಳು ಉಂಡಿದ್ದಳೇನಪ್ಪಾ?"