ಒಂದು ಹನಿಯೂ ಒಸರದ ದೋಣಿ

"ಗುರುಗಳೇ, ಇನ್ನಾವ ನೇಮ ಹಿಡಿಯಲಿ?" ಎಂದು ಶಿಷ್ಯ ಕೇಳಿದ.

ಅವನು ಆಶ್ರಮಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಬಂದ ವರ್ಷ ಸಂತೆಯಲ್ಲಿ ಒಬ್ಬನ ಮೇಲೆ ಸಿಟ್ಟು ಮಾಡಿಕೊಂಡ. ಇನ್ನು ಸಂತೆಗೆ ಹೋಗುವುದಿಲ್ಲವೆಂದು ನೇಮ ಹಿಡಿದ. ಮರುವರ್ಷ ಬಾವಿಕಟ್ಟೆಯಲ್ಲಿ ಜಗಳವಾಯಿತು; ಎಲ್ಲರೂ ಏಳುವ ಮೊದಲೇ ನೀರು ಸೇದಿಕೊಳ್ಳುವ ನೇಮ ಹಿಡಿದ. ಹೀಗೆ ಒಂದೊಂದೇ ಸೇರಿ ನಲವತ್ತಾಗಿದ್ದವು. ಈಗ ಅವನು ಕೋಣೆಯಿಂದ ಹೊರಗೆ ಬರುವುದೇ ಅಪರೂಪ.

"ನಲವತ್ತರಲ್ಲಿ ಒಂದನ್ನೂ ತಪ್ಪಿಸಿಲ್ಲ," ಎಂದ. "ಆದರೂ ನಿನ್ನೆ ಯಾರೋ ಅಂಗಳ ಗುಡಿಸುವ ಸದ್ದಿಗೆ ಸಿಟ್ಟು ಬಂತು. ಎಲ್ಲಿಂದ ಒಳಗೆ ಬರುತ್ತದೋ ತಿಳಿಯದು. ನಲವತ್ತೊಂದನೆಯದನ್ನು ನೀವೇ ಹೇಳಿಬಿಡಿ. ಇದೂ ಫಲಿಸದಿದ್ದರೆ ನಾನು ಆಶ್ರಮ ಬಿಟ್ಟು ಹೋಗುತ್ತೇನೆ."

ಗುರುಗಳು ಹಣೆ ಒತ್ತಿಕೊಂಡರು. ಈ ಪ್ರಶ್ನೆಯನ್ನು ಅವನ ಬಾಯಿಂದ ಅವರು ಕೇಳುತ್ತಿದ್ದದ್ದು ನಲವತ್ತನೆಯ ಸಲ. "ಕೂತುಕೋ," ಎಂದು ಕತೆ ಹೇಳತೊಡಗಿದರು.

ಕಡಲ ತೀರದ ಊರಿನಲ್ಲಿ ದೋಣಿ ನಡೆಸುವ ಒಬ್ಬ ತಾಂಡೇಲನಿದ್ದ. ಅವನದೊಂದು ಹಾಯಿದೋಣಿ. ತೆಳುವಾದ ಹಲಗೆ, ಉದ್ದನೆಯ ಮೈ. ಗಾಳಿ ಸಿಕ್ಕರೆ ಅದನ್ನು ಹಿಂದೆ ಹಾಕುವ ದೋಣಿ ಆ ತೀರದಲ್ಲೇ ಇರಲಿಲ್ಲ. ಅಷ್ಟು ಓಡುವ ದೋಣಿಯಾದರೂ ಒಳಗೆ ನಾಲ್ಕು ಮಂದಿ ಮಲಗಬಹುದು, ಅಡುಗೆ ಮಾಡಿಕೊಳ್ಳಬಹುದು. ಇಪ್ಪತ್ತು ವರ್ಷ ಅವನೇ ಅದರ ಚುಕ್ಕಾಣಿ ಹಿಡಿದಿದ್ದ. ಆಮೇಲೆ ಹಾಯಿ ಎಳೆಯುತ್ತಿದ್ದ ಜೊತೆಗಾರರು ಒಬ್ಬೊಬ್ಬರಾಗಿ ಎಂಜಿನ್ ದೋಣಿಗಳಿಗೆ ಹೋದರು. ಒಬ್ಬನೇ ಆ ಹಾಯಿ ಎತ್ತಲಾರ. ಕಟ್ಟಿದಲ್ಲೇ ನಿಂತು ಕೊಳೆಯುವುದಕ್ಕಿಂತ ಓಡಿಸುವವರ ಕೈ ಸೇರಲಿ ಎಂದು ಅದನ್ನು ಮಾರಲು ಒಪ್ಪಿದ. ಅವನ ಷರತ್ತು ಒಂದೇ: ಚುಕ್ಕಾಣಿ ತನ್ನ ಕೈಯಲ್ಲೇ ಇರಬೇಕು.

ಕೊಳ್ಳಲು ಒಬ್ಬ ವರ್ತಕ ಬಂದ. ಕುಟುಂಬದೊಡನೆ ಕಡಲ ಮೇಲೆ ಊರೂರು ಸುತ್ತಬೇಕೆಂಬ ಆಸೆ ಅವನದು. ಅದುವರೆಗೆ ಹನ್ನೊಂದು ಹಳೆಯ ದೋಣಿಗಳನ್ನು ನೋಡಿ ಬಿಟ್ಟಿದ್ದ. ಓಡುವುದರಲ್ಲಿ ಮಲಗಲು ಬಾರದು, ಮಲಗಲು ಬರುವುದು ಓಡದು ಎಂದು ಎಲ್ಲಕ್ಕೂ ಮೂಗು ಮುರಿದಿದ್ದ. ಈ ದೋಣಿಯನ್ನು ಮೂರು ದಿನ ಪರೀಕ್ಷಿಸಿದ. ಹಲಗೆಗಳನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದ. ಹಾಯಿಯನ್ನು ಮರಳಿನ ಮೇಲೆ ಹರಡಿಸಿ ತೇಪೆಗಳನ್ನು ಎಣಿಸಿದ. ಹಗ್ಗವನ್ನು ಮೂಸಿ ನೋಡಿದ. ಎರಡು ಸಲ ಕಡಲಿಗೆ ಇಳಿಸಿ ಓಡಿಸಿ ತೋರಿಸು ಎಂದ. ತಾಂಡೇಲ ನೆರೆಯವರ ಕೈಯಲ್ಲಿ ಹಾಯಿ ಎತ್ತಿಸಿ ತೋರಿಸಿದ. ಎಲ್ಲಿಯೂ ಕುಂದು ಸಿಗಲಿಲ್ಲ. ಕುಂದು ಸಿಗದಿದ್ದುದೇ ವರ್ತಕನಿಗೆ ಸಮಾಧಾನ ಕೊಡಲಿಲ್ಲ. ಮೂರನೆಯ ದಿನ ಕಾಲಡಿಯ ಹಲಗೆಯನ್ನು ಎತ್ತಿಸಿದ. ಕೆಳಗೆ ಎರಡು ಬೆರಳಷ್ಟು ನೀರಿತ್ತು.

"ಏನಿದು?"

"ನೀರು ಧಣಿ."

"ಅದು ನನಗೂ ಕಾಣುತ್ತದೆ. ದೋಣಿಯೊಳಗೆ ಯಾಕಿದೆ?"

"ಮರದ ದೋಣಿಯಲ್ಲವೇ? ಸ್ವಲ್ಪ ಕುಡಿಯುತ್ತದೆ. ಕುಡಿದರೇ ಹಲಗೆ ಹಿಗ್ಗಿ ಒಂದನ್ನೊಂದು ಕಚ್ಚಿಕೊಳ್ಳುವುದು. ಬೆಳಿಗ್ಗೆ ಎದ್ದು ನಾಲ್ಕು ತಂಬಿಗೆ ಮೊಗೆದು ಚೆಲ್ಲಿದರೆ ಮುಗಿಯಿತು."

"ನಮ್ಮ ಮನೆಯ ಬಚ್ಚಲೂ ಹೀಗೆ ಒದ್ದೆ ಇರುವುದಿಲ್ಲ," ಎಂದ ವರ್ತಕ. "ನನ್ನ ದೋಣಿಯಲ್ಲಿ ಒಂದು ಹನಿಯೂ ಒಸರಕೂಡದು."

ತಾಂಡೇಲ ಇದನ್ನು ಹೊಸಬನ ಮಾತೆಂದು ನಕ್ಕು ಬಿಟ್ಟ. ಅದೇ ಅವನು ಮಾಡಿದ ತಪ್ಪು.

ದೋಣಿಯನ್ನು ಕೊಂಡ ದಿನವೇ ವರ್ತಕ ಅದನ್ನು ದಡಕ್ಕೆ ಎಳೆಸಿದ. ಮೇಲೆ ಚಪ್ಪರ ಹಾಕಿಸಿದ. ತಳದ ನೀರನ್ನು ಬಟ್ಟೆಯಿಂದ ಒರೆಸಿಸಿದ. ಬೇಸಿಗೆಯ ಕಾವಿಗೆ ಹದಿನೈದು ದಿನಗಳಲ್ಲಿ ಹಲಗೆಗಳು ಒಣಗಿ ಕುಗ್ಗಿದವು. ಅವುಗಳ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿತು. ವರ್ತಕ ಗಾಬರಿಯಾದ. ಆರಿದ ಮೇಲೆ ಕಲ್ಲಿನಂತಾಗುವ ಒಂದು ಲೇಪವನ್ನು ತರಿಸಿ ಸಂದನ್ನು ಮುಚ್ಚಿಸಿದ. ಹಲಗೆಗಳು ಇನ್ನಷ್ಟು ಒಣಗಿದವು. ಪಕ್ಕದಲ್ಲಿ ಇನ್ನೊಂದು ಸಂದು ಬಿಟ್ಟಿತು. ಅದನ್ನೂ ಮುಚ್ಚಿಸಿದ. ದಿನ ಬೆಳಗಾದರೆ ದೀಪ ಹಿಡಿದು ದೋಣಿಯ ಹೊಟ್ಟೆಯಡಿ ನುಸುಳಿ ಸಂದು ಹುಡುಕುವುದೇ ಅವನ ಕೆಲಸವಾಯಿತು.

ತಾಂಡೇಲನಿಗೆ ನೋಡಲಾಗಲಿಲ್ಲ. "ಧಣಿ, ಈ ಲೇಪವನ್ನೆಲ್ಲ ಕೀಳಿಸಿ," ಎಂದ. "ದೋಣಿಯನ್ನು ಹೊಳೆಯ ಬಾಯಿಗೆ ಒಯ್ದು, ತಗ್ಗು ನೀರಿನಲ್ಲಿ ಮೂರು ದಿನ ಮುಳುಗಿಸಿಡೋಣ. ಹಲಗೆ ತಾನಾಗಿ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ."

"ಮುಳುಗಿಸುವುದೇ? ತೇಲಲಿ ಎಂದು ಕೊಂಡದ್ದನ್ನು ಮುಳುಗಿಸು ಎನ್ನುತ್ತೀಯಲ್ಲ ಮಾರಾಯಾ!"

"ಹೊಸ ಮಡಕೆಯನ್ನೂ ಮೊದಲು ನೀರಲ್ಲಿ ನೆನೆಸುತ್ತಾರೆ ಧಣಿ."

"ಮಡಕೆಯಲ್ಲಿ ನನ್ನ ಹೆಂಡತಿ ಮಕ್ಕಳು ಕೂರುವುದಿಲ್ಲ."

ತಾಂಡೇಲ ಮತ್ತೆ ಮತ್ತೆ ಹೇಳಿದ. ಮರ ನೀರು ಕುಡಿದೇ ಕುಡಿಯುತ್ತದೆ, ಆಗ ಹಿಗ್ಗಲು ಅದಕ್ಕೆ ಜಾಗ ಬೇಕು, ಆ ಜಾಗದಲ್ಲಿ ನೀವು ಕಲ್ಲು ತುಂಬುತ್ತಿದ್ದೀರಿ ಎಂದು ಬಿಡಿಸಿ ಹೇಳಿದ. ಹೇಳಿ ಹೇಳಿ ಬಾಯಿ ಒಣಗಿತು. ವರ್ತಕ ಎಲ್ಲವನ್ನೂ ಗಮನವಿಟ್ಟು ಕೇಳಿದ. ಕೇಳಿ, ಲೇಪದವನಿಗೆ ಇನ್ನೂ ಎರಡು ಡಬ್ಬ ತರಲು ಹೇಳಿ ಕಳಿಸಿದ.

ಮಳೆಗಾಲ ಕಳೆದು ಕಡಲು ಶಾಂತವಾಯಿತು. ದೋಣಿಯನ್ನು ನೀರಿಗಿಳಿಸಿದರು. ವರ್ತಕ ಬಿಳಿಯ ವಸ್ತ್ರವೊಂದನ್ನು ತಳಕ್ಕೆ ಒತ್ತಿ ತಾಂಡೇಲನ ಮೂಗಿನ ಮುಂದೆ ಹಿಡಿದ. ಅದು ಒಣಗಿಯೇ ಇತ್ತು.

"ಇಪ್ಪತ್ತು ವರ್ಷ ನಿನ್ನ ಕೈಲಿ ಆಗದ್ದು," ಎಂದ.

"ಮರ ಇನ್ನೂ ಕುಡಿದಿಲ್ಲ ಧಣಿ. ಎರಡು ದಿನ ಇಲ್ಲೇ ಕಟ್ಟಿಡಿ. ನಾಳಿದ್ದು ನೋಡಿ ಹೊರಡೋಣ."

"ನಿನಗೆ ಭಯವಾದರೆ ಬೇಡ. ಚುಕ್ಕಾಣಿಗೆ ಬೇರೆಯವನನ್ನು ಕರೆಯುತ್ತೇನೆ."

ತಾಂಡೇಲ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಹೋಗಲಾರೆ ಎಂದು ಬಿಡಬಹುದಿತ್ತು. ಆದರೆ ವರ್ತಕನ ಹೆಂಡತಿ ಮಕ್ಕಳು ಆಗಲೇ ಹತ್ತಿ ಕೂತಿದ್ದರು. ದೋಣಿ ನರಳಿದರೆ ಆ ಸದ್ದು ಬೇರೆಯವನಿಗೆ ತಿಳಿಯದು. ವರ್ತಕನ ಆಳುಗಳು ಹಾಯಿ ಎತ್ತಿದರು. ತಾಂಡೇಲ ಹಲ್ಲು ಕಚ್ಚಿ ಚುಕ್ಕಾಣಿ ಹಿಡಿದ; ದಡವನ್ನು ಕಣ್ಣಳತೆಯಲ್ಲೇ ಇಟ್ಟುಕೊಂಡು ನಡೆಸಿದ.

ಮೊದಲ ದಿನ ದೋಣಿ ಹಿಂದಿನಂತೆಯೇ ಓಡಿತು. ಎರಡನೆಯ ದಿನ ಮಧ್ಯಾಹ್ನ ಕಾಲಡಿಯಲ್ಲಿ ನೆಟಿಗೆ ಮುರಿದಂಥ ಸದ್ದಾಯಿತು. ತಾಂಡೇಲ ಯಾರನ್ನೂ ಕೇಳದೆ ದೋಣಿಯನ್ನು ದಡದ ಕಡೆಗೆ ತಿರುಗಿಸಿದ. ಹಲಗೆಗಳು ನೀರು ಕುಡಿದು ಹಿಗ್ಗುತ್ತಿದ್ದವು. ಹಿಗ್ಗಲು ಅವಕ್ಕೆ ಎಲ್ಲಿಯೂ ತೆರಪಿರಲಿಲ್ಲ. ಹಲಗೆ ಹಲಗೆಯನ್ನು ಒತ್ತಿತು. ಒತ್ತಡಕ್ಕೆ, ಹಲಗೆಗಳನ್ನು ಒಳಗಿನಿಂದ ಹಿಡಿದಿದ್ದ ಬಾಗುಮರಗಳು ಒಂದೊಂದಾಗಿ ಸೀಳಿದವು. ಮೊಳೆಗಳು ಕಿತ್ತು ಬಂದವು. ದೋಣಿ ಮರಳ ದಿಬ್ಬಕ್ಕೆ ಬಂದು ಕುಸಿಯುವಾಗ ಅದರ ಒಂದು ಪಕ್ಕವೇ ತೆರೆದುಹೋಗಿತ್ತು. ಹೆಂಗಸು ಮಕ್ಕಳು ಸೊಂಟದ ನೀರಿನಲ್ಲಿ ನಡೆದು ದಡ ಸೇರಿದರು. ಜೀವಕ್ಕೇನೂ ಆಗಲಿಲ್ಲ. ದೋಣಿ ಮಾತ್ರ ಇನ್ನು ಏಳುವಂತಿರಲಿಲ್ಲ.

"ಒಂದು ಸಂದನ್ನೂ ಬಿಟ್ಟಿರಲಿಲ್ಲವಲ್ಲೋ!" ಎಂದು ವರ್ತಕ ನೀರಿನಲ್ಲಿ ನಿಂತು ಕೂಗಿದ.

"ಬಿಟ್ಟಿರಲಿಲ್ಲ ಧಣಿ," ಎಂದ ತಾಂಡೇಲ. ಅವನ ಕೈ ಇನ್ನೂ ಚುಕ್ಕಾಣಿಯ ಮೇಲೆಯೇ ಇತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು.

"ಅರ್ಥವಾಯಿತು ಗುರುಗಳೇ," ಎಂದ. "ಎಲ್ಲ ಸಂದುಗಳನ್ನೂ ಮುಚ್ಚಬಾರದು. ಹಾಗಾದರೆ ನನ್ನ ನಲವತ್ತರಲ್ಲಿ ಯಾವುದನ್ನು ಬಿಡಲಿ, ಯಾವುದನ್ನು ಇಟ್ಟುಕೊಳ್ಳಲಿ? ತಾವು ಒಂದು ಪಟ್ಟಿ ಮಾಡಿಕೊಟ್ಟರೆ ಅದನ್ನೂ ನೇಮದಿಂದ ಪಾಲಿಸುತ್ತೇನೆ."

ಗುರುಗಳು ಮತ್ತೆ ಹಣೆ ಒತ್ತಿಕೊಂಡರು.

"ಪಟ್ಟಿ ಬೇಡ, ನೀರಿಗೆ ಇಳಿ. ನಾಳೆಯಿಂದ ಆಶ್ರಮದ ಊಟದ ಪಂಕ್ತಿಯಲ್ಲಿ ಇನ್ನೂರು ಎಲೆಗೂ ಸಾರು ಬಡಿಸುವವನು ನೀನು," ಎಂದರು.