ಕರೆಯದ ಗುಡ್ಡ

ತುಂಗಭದ್ರೆಯ ದಡದಿಂದ ತುಸು ಒಳಗೆ, ಮಸಿನಹಾಳವೆಂಬ ಊರಿನ ಬೆನ್ನಿಗೆ, ಕರಿಬಂಡೆಗಳ ಬೋಳುಗುಡ್ಡವೊಂದಿದೆ. ಬುಡದಲ್ಲಿ ಬೂದಿಯ ದಿಬ್ಬ. ನೆತ್ತಿಯ ಹಾಸುಬಂಡೆಯ ಮೇಲೆ ಮೀನು, ನೊಗ, ಗೂಳಿಯ ಕೊಂಬಿನಂಥ ಗುರುತುಗಳು. ನೋಡಬಂದ ಪಂಡಿತರಲ್ಲಿ ಕೆಲವರು ಇವು ಸಿಂಧೂ ಬಯಲಿನ ಮುದ್ರೆಗಳ ದಾಯಾದಿಗಳು ಎನ್ನುತ್ತಾರೆ, ಕೆಲವರು ನಮ್ಮ ನುಡಿಯ ತಾಯಿಬೇರೇ ಇಲ್ಲಿದೆ ಎನ್ನುತ್ತಾರೆ, ಉಳಿದವರು ಎರಡಕ್ಕೂ ನಗುತ್ತಾರೆ. ಓದಿದವರು ಮಾತ್ರ ಒಬ್ಬರೂ ಇಲ್ಲ. ಊರ ಹಿರಿಯ ದ್ಯಾವಣ್ಣನನ್ನು ಕೇಳಿದರೆ, "ಯಾರೂ ಓದಬಾರದಂತ್ಲೇ ಆಕಿ ಹಂಗ ಮಾಡ್ಯಾಳ" ಎನ್ನುತ್ತಾನೆ.

ಹಿಂದೆ ಒಮ್ಮೆ, ಕಬ್ಬಿಣವನ್ನು ಯಾರೂ ಕಾಣದ ಕಾಲದಲ್ಲಿ, ಇಲ್ಲಿ ದನಗಾಹಿಗಳು ನೆಲೆಸಿದ್ದರಂತೆ. ವರ್ಷಕ್ಕೊಮ್ಮೆ ದೊಡ್ಡಿಯಲ್ಲಿ ಒಟ್ಟಿದ ಸಗಣಿಗೆ ಬೆಂಕಿಯಿಟ್ಟು ಹಬ್ಬ ಮಾಡುವುದು ಅವರ ಪದ್ಧತಿ. ಸತ್ತವರ ಹೆಸರನ್ನು ಯಾರೂ ಬಾಯಲ್ಲಿ ಎತ್ತುವಂತಿರಲಿಲ್ಲ. ಅದನ್ನು ಗುರುತಾಗಿ ಬಂಡೆಯಲ್ಲಿ ಕೊರೆದು, ಹಬ್ಬದ ದಿನ ಓದಿ ಕರೆಯುವ ಹಕ್ಕು ಒಂದೇ ಮನೆತನದ್ದು. ತಾಯಿಯಿಂದ ಮಗಳಿಗೆ ಬರುವ ವಿದ್ಯೆ. ಕರೆದರೆ ಸತ್ತವರು ಬಂದು ಎಡೆ ಉಣ್ಣುವರು, ಕರೆಯದಿದ್ದರೆ ಹಸಿದು ಅಲೆಯುವರು. ಓದತೊಡಗಿದ ಮೇಲೆ ಒಂದು ಹೆಸರನ್ನೂ ಬಿಡುವಂತಿರಲಿಲ್ಲ. ಆ ಮನೆಯೊಡತಿಯನ್ನು ಜನ ಕರೆಯುವವ್ವ ಎನ್ನುತ್ತಿದ್ದರು.

ಕರೆಯುವವ್ವನಿಗೆ ಒಬ್ಬ ಮಗ, ಒಬ್ಬಳು ಮಗಳು. ಒಂದು ಬೇಸಿಗೆಯಲ್ಲಿ ಮಗ ಬಾಯಾರಿದ ತನ್ನ ದನಗಳನ್ನು ಊರೊಡೆಯನ ಗೂಳಿಗಳಿಗಿಂತ ಮೊದಲು ಮಡುವಿಗೆ ಇಳಿಸಿದ. ಅಷ್ಟೇ ಅವನ ತಪ್ಪು. ಒಡೆಯ ಅವನನ್ನು ದೊಡ್ಡಿಯ ಗೂಟಕ್ಕೆ ಕಟ್ಟಿಸಿ, ಹಬ್ಬದ ಬೆಂಕಿಯನ್ನು ತನ್ನ ಕೈಯಿಂದಲೇ ಇಟ್ಟ. ನಿರ್ವಂಶವಾಗಲಿ ಎಂದು ಮಣ್ಣು ತೂರಿದರೆ ತೀರುವ ಉರಿಯೇ ಅದು? ತಾಯಿ ಶಪಿಸಲಿಲ್ಲ. ಹಲ್ಲು ಕಚ್ಚಿಕೊಂಡು ಕಾದಳು.

ವರ್ಷಗಳು ಕಳೆದು ಒಡೆಯ ಹಾಸಿಗೆ ಹಿಡಿದ. ಸಾವಿಗಿಂತ ಸತ್ತ ಮೇಲಿನ ಹಸಿವಿಗೆ ಅವನಿಗೆ ಹೆದರಿಕೆ. ಅವಳನ್ನು ಕರೆಸಿ, "ಎಲ್ಲಾರಕಿಂತ ದೊಡ್ಡದಾಗಿ ನನ್ನ ಹೆಸರು ಕೊರಿ ಯವ್ವಾ" ಎಂದು ಕೈಮುಗಿದ. ಅವಳು ಕೊರೆದಳು, ಒಂದು ಗೆರೆಯಲ್ಲೂ ಮೋಸ ಮಾಡಲಿಲ್ಲ. ಮಂಚದ ಮೇಲೆ ಹೊತ್ತು ತಂದು ತೋರಿಸಿದಾಗ ಅವನು ಕಣ್ತುಂಬ ನೋಡಿ, ನೆಮ್ಮದಿಯಿಂದ ಸತ್ತ.

ಆ ವರ್ಷದ ಹಬ್ಬಕ್ಕೆ ಒಡೆಯನ ಮಕ್ಕಳು ಎಡೆಯಿಟ್ಟು ಕಾದರು. ಕರೆಯುವವ್ವ ಬಂಡೆ ಹತ್ತಿ ನಿಂತಳು, ಬಾಯಿ ಬಿಡಲಿಲ್ಲ. ಬೈದರು, ಬಡಿದರು, ಕಾಲಿಗೂ ಬಿದ್ದರು. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯಿದೆ. ಈ ಮಹಾರಾಯನಿಗೆ ಉಣ್ಣುವುದಕ್ಕೂ ಸಿಗಲಿಲ್ಲ. ಮನೆಗೆ ಬಂದ ಮೇಲೆ ಮಗಳು ಅತ್ತಳು: "ನನಗರ ಓದಾಕ ಕಲಿಸಬೇ. ಇಲ್ದಿದ್ರ ನಮ್ಮಣ್ಣನ್ನ ಕರಿಯೋರು ಯಾರು?"

"ನಿನಗ ಕಲಿಸಿದ್ರ, ನಿನ್ನ ಬಡದು ಆ ಒಡೆಯನ್ನೂ ಕರಸ್ತಾರ" ಎಂದಳು ತಾಯಿ. "ನನ್ನ ಮಗ ಹಸದರ ಇರಲಿ. ಅವ ಮಾತ್ರ ಉಣ್ಣಬಾರದು."

ಆಮೇಲೆ ಅವಳು ಯಾರೊಡನೆಯೂ ಮಾತಾಡಲಿಲ್ಲವಂತೆ. ವಿದ್ಯೆ ಅವಳೊಂದಿಗೇ ಮಣ್ಣಾಯಿತು, ಗುಡ್ಡಕ್ಕೆ ಕರೆಯದ ಗುಡ್ಡವೆಂದು ಹೆಸರಾಯಿತು. ಈ ಕತೆಯಲ್ಲಿ ಸತ್ತವರಾರ ಹೆಸರೂ ಇಲ್ಲದಿರುವುದಕ್ಕೆ ಅದೇ ಕಾರಣ. ಇಂದಿಗೂ ಮೇಲೆ ಹತ್ತಿದವರಿಗೆ ಮೊದಲು ಕಾಣುವುದು ಒಡೆಯನ ಗುರುತೇ. ಮೊನ್ನೆ ಕೊರೆದಷ್ಟು ನಿಚ್ಚಳ. ಮಗನದೆಂದು ಹೇಳುವ ಪುಟ್ಟ ಗುರುತನ್ನು ಮಾತ್ರ ಬಗ್ಗಿ ಹುಡುಕಬೇಕು. ತಾಯಿ ಸಾಯುವವರೆಗೂ ದಿನಾ ಬಂದು ಬೆರಳಾಡಿಸಿ, ಅದು ಸವೆದು ಅರ್ಧ ಅಳಿಸಿಹೋಗಿದೆ.